ಆರ್ಡರ್ ಕಾಪಿ ಬಂದ ಮೇಲೆ ಯಾರ್ಯಾರಿಗೆ ಹೇಳಬೇಕು

"ಅಕ್ಕ, ನನ್ ಸಂಬಳ ಯಾರೋ ತಿಂತಾವ್ರೆ ಅಂತ ಕಾಣ್ತದೆ" ಅಂತ ಆ ಹುಡುಗ ಪಂಚಾಯ್ತಿ ಜಗಲಿ ಮೇಲೆ ಕೂತು ಹೇಳಿದಾಗ, ಅವನ ಅಂಗವಿಕಲರ ವೇತನದ ಆರ್ಡರ್ ಬಂದು ಐದು ತಿಂಗಳಾಗಿತ್ತು.

ನಾನು ಮಂಡ್ಯ ಜಿಲ್ಲೆಯ ಒಂದು ಗ್ರಾಮ ಪಂಚಾಯ್ತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆ. ಊರವರ ಬಾಯಲ್ಲಿ ವಿಆರ್‌ಡಬ್ಲ್ಯೂ ಅಕ್ಕ. ನನಗೂ ಎಡಗಾಲು ಪೋಲಿಯೊ, ಮೂರು ಚಕ್ರದ ಸ್ಕೂಟಿಯಲ್ಲೇ ಓಡಾಟ. ಈ ಹುಡುಗ ಆಲೆಮನೆಯಲ್ಲಿ ಗಾಣಕ್ಕೆ ಕಬ್ಬು ಕೊಡುತ್ತಿದ್ದವನು. ಒಂದು ರಾತ್ರಿ ಕಬ್ಬಿನ ಜೊತೆ ಬಲಗೈಯೂ ಒಳಗೆ ಹೋಯಿತು. ಮಣಿಕಟ್ಟಿನಿಂದ ಸ್ವಲ್ಪ ಮೇಲಕ್ಕೆ ಕತ್ತರಿಸಬೇಕಾಯಿತು. ಮಂಡ್ಯದ ಮಿಮ್ಸ್‌ನಲ್ಲಿ ಪರೀಕ್ಷೆ, ಶೇ. 65 ಅಂತ ಪ್ರಮಾಣಪತ್ರ, ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡು, ನಾಡಕಚೇರಿಯಲ್ಲಿ ಅರ್ಜಿ, ಎಲ್ಲಕ್ಕೂ ನಾನೇ ಜೊತೆಗಿದ್ದೆ. ಶೇ. 40ರಿಂದ 75ರ ಒಳಗಿದ್ದವರಿಗೆ ನಮ್ಮ ರಾಜ್ಯದಲ್ಲಿ ತಿಂಗಳಿಗೆ 800 ರೂಪಾಯಿ. ಆರ್ಡರ್ ಬಂದ ದಿನ ಅವನ ಅವ್ವ ಸೆರಗಿನಲ್ಲಿ ಸುತ್ತಿಕೊಂಡು ಎರಡು ಅಚ್ಚು ಬೆಲ್ಲ ತಂದುಕೊಟ್ಟರು. ನಾನು ರಿಜಿಸ್ಟರ್ ತೆಗೆದು ಅವನ ಹೆಸರಿನ ಮುಂದೆ "ಮುಗಿದಿದೆ" ಅಂತ ಬರೆದೆ. ಹಾಗೆ ಬರೆದದ್ದೇ ನನ್ನ ತಪ್ಪು.

ದುಡ್ಡನ್ನು ಯಾರೂ ತಿಂದಿರಲಿಲ್ಲ. ಅರ್ಜಿಯಲ್ಲಿ ಹತ್ತಿರದ ಬ್ಯಾಂಕಿನ ಖಾತೆ ನಂಬರ್ ಬರೆದು ಪಾಸ್‌ಬುಕ್ಕಿನ ಜೆರಾಕ್ಸ್ ಇಟ್ಟಿದ್ದೆವು. ಆದರೆ ಆಧಾರ್ ಮೂಲಕ ಹೋಗುವ ಹಣ ನಾವು ಬರೆದ ನಂಬರನ್ನು ನೋಡುವುದಿಲ್ಲ. ಬ್ಯಾಂಕುಗಳ ನಡುವಿನ ಹಣ ಪಾವತಿ ನೋಡಿಕೊಳ್ಳುವ ಎನ್‌ಪಿಸಿಐ ಸಂಸ್ಥೆಯ ಪಟ್ಟಿಯಲ್ಲಿ ಆ ಆಧಾರ್ ಸಂಖ್ಯೆಗೆ ಕೊನೆಯದಾಗಿ ಯಾವ ಬ್ಯಾಂಕು ಜೋಡಣೆ ಆಗಿದೆಯೋ ಅಲ್ಲಿಗೆ ನೇರ ಹೋಗುತ್ತದೆ. ಹುಡುಗ ಎರಡು ವರ್ಷದ ಹಿಂದೆ ಸಂತೆಯಲ್ಲಿ ಛತ್ರಿ ಕೆಳಗೆ ಕೂತವರ ಹತ್ತಿರ ಸಿಮ್ ಕೊಂಡಿದ್ದ. ಆಗ ಹೆಬ್ಬೆಟ್ಟು ಎರಡು ಸಲ ಒತ್ತಿಸಿಕೊಂಡಿದ್ದರು. ಒಂದು ಸಿಮ್ಮಿಗೆ, ಇನ್ನೊಂದು ಮೊಬೈಲ್ ಕಂಪನಿಯ ಬ್ಯಾಂಕ್ ಖಾತೆಗೆ. ಆ ಖಾತೆ ಇದೆ ಅಂತಲೇ ಅವನಿಗೆ ಗೊತ್ತಿಲ್ಲ. ಐದು ತಿಂಗಳ 4000 ರೂಪಾಯಿ ಅಲ್ಲಿ ಬಿದ್ದಿತ್ತು, ಅತ್ತ ಮನೆಯಲ್ಲಿ ಮಾತ್ರೆಗೆ ಕೈಸಾಲ ಮಾಡುತ್ತಿದ್ದರು.

ಅದನ್ನು ತೆಗೆಯಲು ಹೋದಾಗಿನ ಒಂದು ಗಳಿಗೆ ನನಗೆ ಮರೆಯಲಾಗದು. ಆ ಖಾತೆಯ ಹಣ ಕೊಡುವ ಅಂಗಡಿಯವರು ರೂಢಿಯಂತೆ ಬೆರಳಚ್ಚಿನ ಯಂತ್ರವನ್ನು ಮುಂದೆ ಸರಿಸಿ "ಬಲ ಹೆಬ್ಬೆಟ್ಟು ಇಡಿ" ಅಂದರು. ಹುಡುಗ ಬಲತೋಳನ್ನು ಅರ್ಧ ಎತ್ತಿ ಮತ್ತೆ ಮಡಿಲಿಗೆ ಇಳಿಸಿಕೊಂಡ. ಎಡ ಹೆಬ್ಬೆಟ್ಟು ಇಟ್ಟರೆ ತೆಗೆದುಕೊಳ್ಳಲಿಲ್ಲ. ಕಬ್ಬಿನ ಸಿಪ್ಪೆ ಕೊಯ್ದು ಕೊಯ್ದು ಗೆರೆಯೇ ಸವೆದುಹೋಗಿದೆ. ಪಂಚೆಗೆ ಒರೆಸಿ ಇಟ್ಟ, ತಲೆಗೂದಲಿಗೆ ಉಜ್ಜಿ ಇಟ್ಟ. ತೋರುಬೆರಳು ಇಲ್ಲ, ನಡುಬೆರಳು ಇಲ್ಲ. ಕೊನೆಗೆ ಉಂಗುರದ ಬೆರಳಿಗೆ ಹಸಿರು ದೀಪ ಹತ್ತಿತು.

ಹಾಗಾಗಿ ಈಗ ನಾನು ಆರ್ಡರ್ ಕೈಗೆ ಕೊಟ್ಟ ದಿನವೇ ಕರೆದುಕೊಂಡು ಹೋಗುವುದು ಬ್ಯಾಂಕಿಗೆ. ಯಾವ ಖಾತೆಗೆ ಹಣ ಬೇಕೋ ಆ ಶಾಖೆಯಲ್ಲಿ ಆಧಾರ್ ಸೀಡಿಂಗ್ ಅರ್ಜಿ, ಅಂದರೆ ಆ ಎನ್‌ಪಿಸಿಐ ಪಟ್ಟಿಗೆ ಈ ಬ್ಯಾಂಕನ್ನು ಸೇರಿಸಿ ಅನ್ನುವ ಅರ್ಜಿ, ತುಂಬಿ ಸಹಿ ಹಾಕಿಸಬೇಕು. "ಆಧಾರ್ ಲಿಂಕ್ ಆಗಿದೆ" ಅಂತ ಕೌಂಟರಿನಲ್ಲಿ ಹೇಳಿದರೆ ಸಾಲದು. ಖಾತೆಗೆ ಆಧಾರ್ ಲಿಂಕ್ ಆಗುವುದು ಬೇರೆ, ಸರ್ಕಾರದ ಹಣಕ್ಕೆ ಸೀಡಿಂಗ್ ಆಗುವುದು ಬೇರೆ. ಆಧಾರ್ ವೆಬ್‌ಸೈಟಿನಲ್ಲಿ ಮೊಬೈಲಿಗೆ ಬಂದ ಒಟಿಪಿ ಹಾಕಿ ಒಳಗೆ ಹೋದರೆ 'ಬ್ಯಾಂಕ್ ಸೀಡಿಂಗ್ ಸ್ಟೇಟಸ್' ಅಂತ ಇದೆ, ಯಾವ ಬ್ಯಾಂಕು ಅಂತ ಹೆಸರೇ ಬರುತ್ತದೆ. ಎರಡು ನಿಮಿಷದ ಕೆಲಸ. ಆ ಎರಡು ನಿಮಿಷ ನಾನು ಅವತ್ತು ಕೊಡಲಿಲ್ಲ. ಕೈ, ಬೆರಳು ಹೋದವರು ಆಧಾರ್ ಕೇಂದ್ರಕ್ಕೂ ಹೋಗಿ ಬೆರಳಚ್ಚು ಹೊಸದಾಗಿ ಕೊಡಬೇಕು. ಇಲ್ಲದ ಬೆರಳನ್ನು ಇಲ್ಲ ಅಂತಲೇ ದಾಖಲು ಮಾಡುವ ವ್ಯವಸ್ಥೆ ಅಲ್ಲಿದೆ, ಕಣ್ಣಿನ ಗುರುತು ಹೇಗೂ ಇರುತ್ತದೆ.

ಯಾರಿಗೆ ಹೇಳಬಾರದು ಅನ್ನುವುದೂ ಅಷ್ಟೇ ಮುಖ್ಯ. ಪಿಂಚಣಿ ಮಂಜೂರಾಗಿದೆ, ಒಟಿಪಿ ಹೇಳಿ ಅಂತ ಫೋನ್ ಬಂದರೆ ಕಟ್ ಮಾಡಿ. ಸಂಘದ ಸಾಲದವರ ಕೈಗೆ ಪಾಸ್‌ಬುಕ್, ಎಟಿಎಂ ಕಾರ್ಡು ಕೊಡಬೇಡಿ, ಎಷ್ಟೇ ಒತ್ತಾಯ ಮಾಡಲಿ.

ಇನ್ನೊಂದು ವಿಷಯ ನನಗೆ ತಡವಾಗಿ ತಿಳಿದದ್ದು, ಈಗಾಗಲೇ ಒಂದು ಪಿಂಚಣಿ ಬರುತ್ತಿದ್ದವರದ್ದು. ನಮ್ಮ ಪಂಚಾಯ್ತಿಯಲ್ಲಿ ಒಬ್ಬ ಅವ್ವ ಇದ್ದಾರೆ. ವಿಧವಾ ವೇತನ 800 ಬರುತ್ತಿತ್ತು. ಸಕ್ಕರೆ ಕಾಯಿಲೆಯಿಂದ ಎರಡೂ ಕಣ್ಣು ಹೋದವು. ಶೇ. 75ಕ್ಕಿಂತ ಹೆಚ್ಚು ಇದ್ದವರಿಗೆ 1400 ಇರುವುದರಿಂದ ಅದಕ್ಕೆ ಅರ್ಜಿ ಹಾಕಿಸಿದೆ. ಒಬ್ಬರಿಗೆ ಸಾಮಾಜಿಕ ಭದ್ರತೆಯ ಎರಡು ಪಿಂಚಣಿ ಇಲ್ಲ. ದೊಡ್ಡದು ಬೇಕೆಂದರೆ ಚಿಕ್ಕದನ್ನು ಬಿಡುತ್ತೇನೆ ಅಂತ ನಾಡಕಚೇರಿಗೆ ಬರೆದುಕೊಡಬೇಕು. ಆ ಅವ್ವ ಹೇಳಲಿಲ್ಲ, ನಾನು ಕೇಳಲಿಲ್ಲ. ಪರಿಶೀಲನೆ ಬಂದಾಗ ಎರಡೂ ನಿಂತವು. "ಇದ್ದುದ್ದೂ ಹೋಯ್ತಲ್ಲವ್ವ, ನಿನ್ ಮಾತು ಕೇಳಿ" ಅಂದರು. ಬೈದದ್ದಲ್ಲ, ಮೆಲ್ಲಗೆ ಹೇಳಿದರು. ಮತ್ತೆ ಸರಿಮಾಡಿಸಲು ನಾಲ್ಕು ಸಲ ತಾಲ್ಲೂಕು ಕಚೇರಿ ಮೆಟ್ಟಿಲು ಹತ್ತಿದೆವು, ಅವರ ಕೈ ನನ್ನ ಹೆಗಲ ಮೇಲೆ, ನನ್ನ ಕೈ ಕಟಕಟೆ ಮೇಲೆ.

ಜನ ಮುಚ್ಚಿಡುವುದು ಆಸೆಯಿಂದಲ್ಲ, ಹೆದರಿಕೆಯಿಂದ. ಹೇಳಿದರೆ ಗೃಹಲಕ್ಷ್ಮಿಯ 2000 ನಿಲ್ಲುತ್ತದೆ, ರೇಷನ್ ಕಾರ್ಡ್ ಹೋಗುತ್ತದೆ ಅಂತ ಯಾರೋ ಹೇಳಿರುತ್ತಾರೆ. ಗೃಹಲಕ್ಷ್ಮಿ ಪಿಂಚಣಿ ಅಲ್ಲ, ಅಂಗವಿಕಲರ ವೇತನ ಬಂತೆಂದು ಅದು ನಿಲ್ಲುವುದಿಲ್ಲ. ಇದನ್ನು ಮೊದಲು ಹೇಳಿ ಆಮೇಲೆ ಬೇರೆ ಪಿಂಚಣಿ ವಿಚಾರ ಕೇಳಿದರೆ ಬಾಯಿ ಬಿಡುತ್ತಾರೆ. ನಾನು ಮುಂಚೆ ಉಲ್ಟಾ ಕೇಳುತ್ತಿದ್ದೆ.

ಊರು ಬಿಡುವವರದ್ದು ಬೇರೆ ಪಾಡು. ಕಿವಿ ಕೇಳದ, ಮಾತು ಬಾರದ ಒಬ್ಬಳು ಹುಡುಗಿಯನ್ನು ತಿ. ನರಸೀಪುರದ ಕಡೆ ಮದುವೆ ಮಾಡಿಕೊಟ್ಟರು. ಗ್ರಾಮ ಆಡಳಿತ ಅಧಿಕಾರಿ, ಅಂದರೆ ನಾವು ಈಗಲೂ ವಿಎ ಅನ್ನುವವರು, ಪರಿಶೀಲನೆಗೆ ಮನೆಗೆ ಬಂದಾಗ "ಅವಳು ಇಲ್ಲಿಲ್ಲ" ಅಂದರು ಮನೆಯವರು. ಮದುವೆಯಾಗಿ ಹೋಗಿದ್ದಾಳೆ ಅನ್ನುವ ಅರ್ಥದಲ್ಲಿ ಹೇಳಿದ್ದು. ದಾಖಲೆಯಲ್ಲಿ ಫಲಾನುಭವಿ ಊರಲ್ಲಿಲ್ಲ ಅಂತಾಯಿತು, ಹಣ ನಿಂತಿತು. ಹುಡುಗಿಗೆ ಫೋನಿನಲ್ಲಿ ಕೇಳಲು ಆಗದು. ಗಂಡ ವಿಡಿಯೊ ಕಾಲ್ ಮಾಡಿ ಫೋನನ್ನು ಅವಳ ಮುಂದೆ ಹಿಡಿದ. ಅವಳು ಎರಡು ಬೆರಳಲ್ಲಿ ದುಡ್ಡು ಎಣಿಸುವ ಹಾಗೆ ಮಾಡಿ, ಆಮೇಲೆ ಅಂಗೈ ಬಿಡಿಸಿ ಖಾಲಿ ತೋರಿಸಿದಳು. ಹೆಣ್ಣುಮಕ್ಕಳ ಮದುವೆ ಗೊತ್ತಾದಾಗಲೇ ಈ ಕಡೆಯ ನಾಡಕಚೇರಿಗೆ ವಿಳಾಸ ಬದಲಾವಣೆ ಹೇಳಿ, ಆ ಕಡೆಯ ವಿಎಗೂ ವಿಆರ್‌ಡಬ್ಲ್ಯೂಗೂ ಆರ್ಡರ್ ಕಾಪಿ ತಲುಪಿಸಬೇಕು. ಲಗ್ನಪತ್ರಿಕೆ ಹಂಚುವಾಗ ನನಗೂ ಒಂದು ಕೊಡಿ ಅಂತ ಈಗ ಕೇಳಿಯೇ ಬಿಡುತ್ತೇನೆ.

ಪಂಚಾಯ್ತಿಗೂ ಒಂದು ಪ್ರತಿ ಕೊಡಿ. ಸ್ವಂತ ಆದಾಯದಲ್ಲಿ ಶೇ. 5 ಹಣ ಅಂಗವಿಕಲರಿಗೆ ಅಂತ ಮೀಸಲು, ಸಾಧನ ಸಲಕರಣೆ ಹಂಚುವಾಗ ಪಿಡಿಒ ನೋಡುವುದು ತಮ್ಮ ಪಟ್ಟಿಯನ್ನು. ಪಿಂಚಣಿ ಪಟ್ಟಿ ಬೇರೆ, ಅದು ಬೇರೆ. ಓದುವ ಮಕ್ಕಳಿದ್ದರೆ ಹೆಡ್‌ಮಾಸ್ಟರಿಗೆ ಹೇಳಿ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯಕ್ಕೆ, ಬರೆದುಕೊಡುವವರಿಗೆ ಮೊದಲೇ ಅರ್ಜಿ ಹೋಗಬೇಕು, ಹಾಲ್ ಟಿಕೆಟ್ ಬಂದ ಮೇಲೆ ಅಲ್ಲ. ಕೆಎಸ್‌ಆರ್‌ಟಿಸಿ ರಿಯಾಯಿತಿ ಪಾಸು ವರ್ಷಕ್ಕೆ 660 ರೂಪಾಯಿ, ಮನೆಯಿಂದ 100 ಕಿಲೋಮೀಟರ್ ಒಳಗೆ ಓಡಾಡಬಹುದು. ಮೈಸೂರಿನ ಕೆ.ಆರ್. ಆಸ್ಪತ್ರೆಗೋ ವಾಕ್ ಶ್ರವಣ ಸಂಸ್ಥೆಗೋ ತಿಂಗಳಿಗೊಮ್ಮೆ ಹೋಗುವವರಿಗೆ ಇದೇ ದೊಡ್ಡ ಉಳಿತಾಯ.

ಬುದ್ಧಿಮಾಂದ್ಯ ಮಕ್ಕಳ ತಾಯಂದಿರಿಗೆ ಮಾತ್ರ ನಾನು ಒಂದು ತಾರೀಖು ಬರೆದುಕೊಡುತ್ತೇನೆ, ಮಗುವಿಗೆ 18 ತುಂಬುವ ದಿನ. ಅಲ್ಲಿಯವರೆಗೆ ತಾಯಿ ಸಹಿ ನಡೆಯುತ್ತದೆ. ಆಮೇಲೆ ಕಾನೂನಿನ ಕಣ್ಣಿಗೆ ಅವನು ವಯಸ್ಕ, ಬ್ಯಾಂಕಿನವರು ಅವನದ್ದೇ ಸಹಿ ಕೇಳುತ್ತಾರೆ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಪ್ರಕಾರ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ಅಂಗವಿಕಲತೆ ಇರುವವರಿಗೆ ಜಿಲ್ಲಾಧಿಕಾರಿ ನೇತೃತ್ವದ ಸಮಿತಿ ಪೋಷಕತ್ವದ ಪ್ರಮಾಣಪತ್ರ ಕೊಡುತ್ತದೆ. ಅದನ್ನು ಬ್ಯಾಂಕಿಗೆ ಕೊಟ್ಟರೆ ತಾಯಿಯೇ ಖಾತೆ ನಡೆಸಬಹುದು. ಇದೇ ನಾಲ್ಕು ಬಗೆಯವರಿಗೆ ನಿರಾಮಯ ಅನ್ನುವ ಆರೋಗ್ಯ ವಿಮೆಯೂ ಇದೆ, 1 ಲಕ್ಷ ರೂಪಾಯಿವರೆಗೆ. ಇಷ್ಟು ಒಳ್ಳೆಯ ಯೋಜನೆ ಬಗ್ಗೆ ಊರುಗಳಲ್ಲಿ ಕೇಳಿದವರೇ ಕಡಿಮೆ, ಅದು ನನ್ನನ್ನು ಬಹಳ ನೋಯಿಸುತ್ತದೆ.

ಪ್ರಮಾಣಪತ್ರ ತಾತ್ಕಾಲಿಕವೋ ಕಾಯಂ ಆದದ್ದೋ ನೋಡಿಕೊಳ್ಳಿ. ತಾತ್ಕಾಲಿಕವಾದರೆ ಅವಧಿ ಮುಗಿಯುವ ಮೂರು ತಿಂಗಳ ಮುಂಚೆಯೇ ಆಸ್ಪತ್ರೆಗೆ ಓಡಾಟ ಶುರು ಮಾಡುವುದು ಒಳ್ಳೆಯದು.

ಫಲಾನುಭವಿ ತೀರಿಕೊಂಡರೆ ಮನೆಯವರು ವಿಎಗೆ ತಿಳಿಸಬೇಕು. ಆಮೇಲೆ ಬಂದ ಹಣ ವಾಪಸು ಕಟ್ಟಬೇಕಾಗುತ್ತದೆ. ಇದೊಂದನ್ನು ಮಾತ್ರ ಆರ್ಡರ್ ಕೊಡುವ ದಿನ ನಾನು ಹೇಳುವುದಿಲ್ಲ. ಬೆಲ್ಲ ತಂದುಕೊಟ್ಟ ತಾಯಿಯ ಮುಂದೆ ಆ ಮಾತು ಬಾಯಿಗೆ ಬರುವುದಿಲ್ಲ. ಹನ್ನೊಂದನೇ ದಿನದ ಕಾರ್ಯ ಕಳೆದ ಮೇಲೆ ನಾನೇ ಮನೆಗೆ ಹೋಗುತ್ತೇನೆ, ಅರ್ಜಿ ನಾನೇ ಬರೆಯುತ್ತೇನೆ.

ಈಗ ಎಲ್ಲರ ಆರ್ಡರ್ ಕಾಪಿಯ ಹಿಂಬದಿಯಲ್ಲಿ ಯಾರ್ಯಾರಿಗೆ ಹೇಳಬೇಕೋ ಅವರೇ ಬರೆದುಕೊಳ್ಳಲಿ ಅಂತೀನಿ, ಬರೆಯಲು ಬಾರದವರಿಗೆ ಮನೆ ಮಕ್ಕಳು ಬರೆಯುತ್ತಾರೆ. ಆಲೆಮನೆ ಹುಡುಗನೂ ತನ್ನ ಹಳೆಯ ಕಾಪಿ ತಂದಿದ್ದ. "ನಾನು ಬರೆದುಕೊಡ್ಲಾ?" ಅಂದೆ. "ಬ್ಯಾಡಕ್ಕ, ರೂಢಿ ಆಗ್ಲಿ" ಅಂದು ಎಡಗೈಯಲ್ಲಿ ಪೆನ್ನು ಹಿಡಿದ. ಹಾಳೆ ಜಾರದ ಹಾಗೆ ಬಲತೋಳನ್ನು ಅದರ ಮೇಲೆ ಒತ್ತಿಕೊಂಡು, ಒಂದನೇ ಕ್ಲಾಸಿನ ಮಕ್ಕಳ ಹಾಗೆ ದಪ್ಪ ದಪ್ಪ ಅಕ್ಷರ ಬರೆದ. ಬ್ಯಾಂಕು. ಆಧಾರು. ವಿಎ. ಪಂಚಾಯ್ತಿ. ಬಸ್ಸು. ನಾಲ್ಕಕ್ಕೆ ಅವನೇ ಗುರುತು ಹಾಕಿದ್ದಾನೆ. ಬಸ್ಸಿನದ್ದು ಬಾಕಿ ಇದೆ, ಸೋಮವಾರ ಇಬ್ಬರೂ ಹೋಗುತ್ತಿದ್ದೇವೆ.