ತಿರುವು ದಾಟಿದ ಮೇಲೆ ಇಳಿಯುವ ಪೆಡಲ್

ಕಾರವಾರದಿಂದ ಕುಮಟಾದವರೆಗೆ ಹೆದ್ದಾರಿ 66ರಲ್ಲಿ ನನ್ನ 1968ರ ಟ್ರಯಂಫ್ ಸ್ಪಿಟ್‌ಫೈರ್ ಕಾರಿನ ಬ್ರೇಕ್ ಬಗ್ಗೆ ಒಂದು ಮಾತೂ ಆಡುವ ಹಾಗಿರಲಿಲ್ಲ. ಶಿರಸಿಯಿಂದ ದೇವಿಮನೆ ಘಟ್ಟ ಇಳಿಯುವಾಗ ಮಾತ್ರ ತೊಂದರೆ. ಒಂದು ತಿರುವು ದಾಟಿ ಬ್ರೇಕ್ ಒತ್ತಿದರೆ ಪೆಡಲ್ ಅರ್ಧಕ್ಕಿಂತ ಜಾಸ್ತಿ ಕೆಳಗೆ ಹೋಗುತ್ತಿತ್ತು. ಕಾಲೆತ್ತಿ ಇನ್ನೊಮ್ಮೆ ಒತ್ತಿದರೆ ಗಟ್ಟಿ. ಎದುರಿಗೆ ಲಾರಿ ಬಂದಾಗ ಆ ‘ಇನ್ನೊಮ್ಮೆ’ಗೆ ಸಮಯ ಎಲ್ಲಿ?

ನಾಲ್ಕು ಸಲ ಬ್ಲೀಡ್ ಮಾಡಿ ಪೈಪಿನಲ್ಲಿದ್ದ ಗಾಳಿ ತೆಗೆದೆ. ಪೆಡಲ್ ಒತ್ತಿದಾಗ ಬ್ರೇಕ್ ಫ್ಲೂಯಿಡ್ ತಳ್ಳುವ ಮಾಸ್ಟರ್ ಸಿಲಿಂಡರ್‌ನ ಸೀಲ್ ಬದಲಿಸಿದೆ. ಆ ಕಿಟ್‌ಗೆ ಆರು ವಾರ ಕಾದೆ, ಬಿಡಿಭಾಗದವರು ಎರಡು ಸಲ ಬೇರೆ ಅಳತೆಯದ್ದನ್ನೇ ಕಳಿಸಿದರು. ಬೋರ್ ಅಳತೆ ಬರೆದು, ಫೋಟೋ ಹಾಕಿ ಕೇಳಿದರೂ ಹೀಗಾದರೆ ಸಿಟ್ಟು ಬರದೇ ಇರುತ್ತದಾ?

ಫ್ಲೂಯಿಡ್ ಕುದಿಯುತ್ತಿದೆಯೇನೋ ಅಂದುಕೊಂಡೆ. ಡಾಟ್ 4 ದರ್ಜೆಯ ಫ್ಲೂಯಿಡ್ ಹೊಸದಿದ್ದಾಗ 230 ಡಿಗ್ರಿವರೆಗೆ ತಡೆಯಬೇಕು, ನೀರು ಹೀರಿಕೊಂಡರೆ ಆ ಮಿತಿ 155ಕ್ಕೆ ಇಳಿಯುತ್ತದೆ. ನಮ್ಮ ಕರಾವಳಿಯ ಹವೆಗೆ ಅದೇನು ದೊಡ್ಡದಲ್ಲ. ಆದರೆ ಕುದಿಯಬೇಕಾದರೆ ಮೊದಲು ಬಿಸಿಯಾಗಬೇಕು. ನನ್ನ ಪೆಡಲ್ ಮೊದಲ ತಿರುವಿನಲ್ಲೇ ಇಳಿಯುತ್ತಿತ್ತು, ಡಿಸ್ಕ್ ಇನ್ನೂ ತಣ್ಣಗಿರುವಾಗಲೇ.

ಹಿಂದಿನ ಡ್ರಮ್ ಮೇಲೂ ಅನುಮಾನ ಬಂತು. ಹ್ಯಾಂಡ್‌ಬ್ರೇಕ್ ಎಳೆದು ಪೆಡಲ್ ಒತ್ತಿ ನೋಡಿದೆ, ಒಂದು ಚೂರೂ ಮೇಲೆ ಬರಲಿಲ್ಲ. ಡ್ರಮ್ಮಿಗೂ ಬ್ರೇಕ್ ಶೂಗೂ ಅಂತರ ಜಾಸ್ತಿಯಿದ್ದರೆ ಬರಬೇಕಿತ್ತು. ಅಂದರೆ ಶೂ ಅಂತರ ಸರಿಯೇ ಇದೆ. ಅಂಗಳದಲ್ಲಿ ನಿಲ್ಲಿಸಿ ಏನು ಪರೀಕ್ಷೆ ಮಾಡಿದರೂ ಎಲ್ಲ ಸರಿ. ತಲೆ ಕೆಟ್ಟಿದ್ದು ಅದಕ್ಕೇ.

ಶನಿವಾರ ಭಾವ ಬಂದಿದ್ದ. ಮುಂದಿನ ಎಡ ಚಕ್ರ ಜಾಕ್ ಮೇಲಿತ್ತು. ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದೆ. ಕಟಕ್ ಅಂತು. "ಈಗ ಪೆಡಲ್ ಒತ್ತಿ ಹಿಡಿ ಭಾವ" ಅಂದೆ. ಮತ್ತೆ ಅಲ್ಲಾಡಿಸಿದೆ. ಸದ್ದಿಲ್ಲ. ಬ್ರೇಕ್ ಹಿಡಿದಾಗ ಆಟ (ಸಡಿಲ) ನಿಂತರೆ ಅದು ಚಕ್ರದ ಬೇರಿಂಗ್. ಆಗಲೂ ಉಳಿದಿದ್ದರೆ ಚಕ್ರ ಹಿಡಿದಿರುವ ಕೀಲುಗಳನ್ನು, ಅಂದರೆ ಟ್ರನಿಯನ್ ಅಥವಾ ಬಾಲ್ ಜಾಯಿಂಟ್ ನೋಡಬೇಕಿತ್ತು.

ಬ್ರೇಕ್ ಬಿಡಿಸಿ ಚಕ್ರವನ್ನು ಎರಡು ಸಲ ಜೋರಾಗಿ ಅಲ್ಲಾಡಿಸಿ, ಮತ್ತೆ ಒತ್ತಲು ಹೇಳಿದೆ. "ಅಯ್ಯೋ, ಕೆಳಗೆ ಹೋತು!" ಅಂದ. ಘಟ್ಟದ ತಿರುವು ನಮ್ಮ ಅಂಗಳಕ್ಕೇ ಬಂದಿತ್ತು! ಬೇರಿಂಗ್ ಸಡಿಲವಿದ್ದರೆ ತಿರುವಿನಲ್ಲಿ ಹಬ್ (ಚಕ್ರ ಕೂರುವ ನಡುಭಾಗ) ವಾಲುತ್ತದೆ, ಜೊತೆಗೆ ಡಿಸ್ಕ್ ವಾಲಿ ಪ್ಯಾಡನ್ನೂ ಪಿಸ್ಟನ್ನನ್ನೂ ಹಿಂದಕ್ಕೆ ತಳ್ಳುತ್ತದೆ. ಮೊದಲ ಒತ್ತು ಆ ಸಂದು ತುಂಬುವುದಕ್ಕೇ ಮುಗಿದುಹೋಗುತ್ತದೆ.

ಆದರೆ ಬೇರಿಂಗ್ ಹಾಕಿ ವರ್ಷವೂ ಆಗಿರಲಿಲ್ಲ, ಆಟವನ್ನೂ ಅಳೆದೇ ಕೂರಿಸಿದ್ದೆ. ಕಾರವಾರದ ಮೀನುಗಾರಿಕಾ ಬಂದರು ಬೈತಖೋಲ್‌ನಲ್ಲಿ ದೋಣಿ ಎಂಜಿನ್ ರಿಪೇರಿ ಮಾಡುವವರಿಂದ ಆಟ ಅಳೆಯುವ ಡಯಲ್ ಗೇಜ್ ತಂದು ಇಟ್ಟರೆ 20 ಥೌ (ಒಂದು ಥೌ ಅಂದರೆ ಇಂಚಿನ ಸಾವಿರದ ಒಂದು ಭಾಗ)! ಹಬ್ ಬಿಚ್ಚಿದೆ. ಒಳಗಿನ ಬೇರಿಂಗ್‌ನ ಕಪ್ (ಹೊರ ಉಂಗುರ) ಹಿಂದೆ ಉಗುರಿನ ತುದಿಯಷ್ಟು ತುಕ್ಕಿನ ಪದರ. ಕಪ್ ಅದರ ಮೇಲೆ ಕೂತಿತ್ತು. ಓಡುತ್ತಾ ಓಡುತ್ತಾ ತುಕ್ಕು ಪುಡಿಯಾಗಿ ಕಪ್ ಒಳಗೆ ಸರಿದಿದೆ, ಅಷ್ಟೇ ಆಟ ಹುಟ್ಟಿದೆ. ಉಪ್ಪು ಗಾಳಿಯ ಊರಲ್ಲಿ ಹಬ್‌ನ ಒಳಗೆ ಬೆರಳಾಡಿಸಿ ನೋಡದೆ ಕಪ್ ಹೊಡೆಯಬೇಡಿ. ಎಮರಿಯಲ್ಲಿ ಉಜ್ಜಿ, ಹಿತ್ತಾಳೆ ಸರಳಿನಿಂದ ಸುತ್ತಲೂ ಹೊಡೆದೆ. ಡಬ್ ಡಬ್ ಅನ್ನುತ್ತಿದ್ದ ಸದ್ದು ಒಮ್ಮೆಲೇ ಠಣ್ ಅಂತು. ಅದು ಪೂರ್ತಿ ಕೂತ ಗುರುತು. ನಟ್ ಬಿಗಿದು, ಒಂದು ಮುಖದಷ್ಟು ಹಿಂದಕ್ಕೆ ತಿರುಗಿಸಿ, ಹೊಸ ಸ್ಪ್ಲಿಟ್ ಪಿನ್ ಹಾಕಿದೆ. ಈಗ 4 ಥೌ.

ಗೇಜ್ ವಾಪಸ್ ಕೊಡಲು ಹೋದಾಗ ಪಕ್ಕದಲ್ಲಿ ದೋಣಿಗೆ ತಾಡಪಾಲು ಹೊಲಿಯುತ್ತಿದ್ದರು. ಎಂಥ ಜೋಡಿ ಹೊಲಿಗೆ! ಜೂನ್ ಮಳೆಗೆ ಮುಂಚೆ ಸ್ಪಿಟ್‌ಫೈರ್‌ನ ಬಟ್ಟೆಯ ಹುಡ್ (ಮೇಲ್ಛಾವಣಿ) ಅವರ ಕೈಯಲ್ಲೇ ಹೊಲಿಸಬೇಕು. ಹಳೆಯದನ್ನು ಬಿಚ್ಚಿ ಕಾಗದದ ಮೇಲೆ ಅಚ್ಚು ತೆಗೆಯುವ ಕೆಲಸ ಶುರು ಮಾಡಿಯೂ ಆಯ್ತು.

ನಿನ್ನೆ ಶಿರಸಿಯಿಂದ ಇಳಿದೆ. ಪ್ರತಿ ತಿರುವಿನಲ್ಲೂ ಮೊದಲ ಒತ್ತಿಗೇ ಬ್ರೇಕ್ ಹಿಡಿಯಿತು. ಬಲಗಡೆ ಹಬ್ 5 ಥೌ ತೋರಿಸುತ್ತಿದೆ. ಆದರೂ ಈ ಭಾನುವಾರ ಅದನ್ನೂ ಬಿಚ್ಚಿ ಕಪ್ ಹಿಂದೆ ನೋಡುತ್ತೇನೆ.