ಮೆಡೋರಾಕ್ಕೆ ಹೊರಟವರಿಗೆ: ನಾರ್ತ್ ಡಕೋಟದ 121 ಜನರ ಕೌಂಟಿ ಕೇಂದ್ರ

ಮಿನಿಯಾಪೊಲಿಸ್, ಷಿಕಾಗೋ ಕಡೆಯ ಕನ್ನಡದವರು ಬೇಸಿಗೆಯಲ್ಲಿ ಊರಿಂದ ಬಂದ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಮೌಂಟ್ ರಶ್‌ಮೋರ್, ಯೆಲ್ಲೋಸ್ಟೋನ್ ಎಂದು ಹೊರಟರೆ ಸಾಮಾನ್ಯವಾಗಿ ಐ-90 ಹೆದ್ದಾರಿ ಹಿಡಿಯುತ್ತಾರೆ. ಉತ್ತರದ ಐ-94ರಲ್ಲಿ ಬಂದವರೂ ಮೆಡೋರಾದಲ್ಲಿ ಕಾಫಿ ಕುಡಿದು, ಒಂದು ಫೋಟೋ ತೆಗೆದು ಮುಂದೆ ಹೋಗಿಬಿಡುತ್ತಾರೆ. ಇದು ಎರಡು ರಾತ್ರಿ ಉಳಿಯಬೇಕಾದ ಊರು. ಆದರೆ ಸುಮ್ಮನೆ ಹೋಗಿ ಇಳಿದರೆ ಕೋಣೆ ಸಿಗುವುದಿಲ್ಲ, ಸಸ್ಯಾಹಾರಿಗಳಿಗೆ ಊಟ ಸಿಗುವುದಿಲ್ಲ, ತಿಂಗಳು ತಪ್ಪಿದರೆ ಬಾಗಿಲೇ ತೆರೆದಿರುವುದಿಲ್ಲ. ಆದ್ದರಿಂದ ಹೊರಡುವ ಮೊದಲು ಈ ಊರು ಹೇಗೆ ನಡೆಯುತ್ತದೆ ಎಂಬುದನ್ನು ತಿಳಿದುಕೊಂಡರೆ ಒಳ್ಳೆಯದು.

2020ರ ಜನಗಣತಿಯ ಪ್ರಕಾರ ಇಲ್ಲಿರುವುದು 121 ಜನ. ಆದರೂ ಇದು ಬಿಲ್ಲಿಂಗ್ಸ್ ಕೌಂಟಿಯ ಕೇಂದ್ರ. ನ್ಯಾಯಾಲಯ, ಶೆರಿಫ್ ಕಚೇರಿ, ಭೂದಾಖಲೆ ಎಲ್ಲವೂ ಇಲ್ಲೇ. ಇಡೀ ಕೌಂಟಿಯಲ್ಲಿ ಸಾವಿರ ಜನ ಇಲ್ಲ. ವಿಸ್ತೀರ್ಣ ಮಾತ್ರ ಸುಮಾರು ಮೂರು ಸಾವಿರ ಚದರ ಕಿಲೋಮೀಟರ್, ಅಂದರೆ ನಮ್ಮ ಬೆಂಗಳೂರು ನಗರ ಜಿಲ್ಲೆಗಿಂತ ದೊಡ್ಡದು. ಹಿಂದೆ ಇನ್ನೂ ದೊಡ್ಡದಿತ್ತು. ಗೋಲ್ಡನ್ ವ್ಯಾಲಿ, ಸ್ಲೋಪ್ ಕೌಂಟಿಗಳು 1910ರ ದಶಕದಲ್ಲಿ ಇದರಿಂದಲೇ ಒಡೆದು ಬೇರೆಯಾದವು. ಬೇಸಿಗೆ ಬಂತೆಂದರೆ ಹೊರಗಿನಿಂದ ನೂರಾರು ಕೆಲಸಗಾರರು, ಸ್ವಯಂಸೇವಕರು ಬಂದು ಊರನ್ನು ತುಂಬುತ್ತಾರೆ. ಸೆಪ್ಟೆಂಬರ್ ಮೊದಲ ಸೋಮವಾರದ ಲೇಬರ್ ಡೇ ಕಳೆದ ಮೇಲೆ ಒಂದೊಂದೇ ಅಂಗಡಿ ಮುಚ್ಚುತ್ತಾ ಬರುತ್ತದೆ. ಅಕ್ಟೋಬರ್‌ನಿಂದ ಮೇವರೆಗೆ ಹೋಗುವವರು ಪೂರ್ವಕ್ಕಿರುವ ದೊಡ್ಡ ಊರು ಡಿಕಿನ್ಸನ್‌ನಲ್ಲೇ ಉಳಿದು, ಇಲ್ಲಿಗೆ ಹಗಲಿನಲ್ಲಿ ಬಂದು ಹೋಗುವುದು ವಾಸಿ.

ಊರು ಹುಟ್ಟಿದ್ದು 1883ರಲ್ಲಿ. ಮಾರ್ಕಿ ದ ಮೊರೆ ಎಂಬ ಫ್ರೆಂಚ್ ಶ್ರೀಮಂತ ಲಿಟಲ್ ಮಿಸ್ಸೂರಿ ನದಿಯ ಪೂರ್ವ ದಡದಲ್ಲಿ ಊರು ಕಟ್ಟಿ ಹೆಂಡತಿ ಮೆಡೋರಾಳ ಹೆಸರಿಟ್ಟ. ದನಗಳನ್ನು ಜೀವಂತವಾಗಿ ಷಿಕಾಗೋಗೆ ಸಾಗಿಸಿದರೆ ದಾರಿಯಲ್ಲೇ ತೂಕ ಇಳಿಯುತ್ತದೆ, ಬಾಡಿಗೆಯೂ ಹೆಚ್ಚು. ಇಲ್ಲೇ ಕಡಿದು, ಮಂಜುಗಡ್ಡೆ ತುಂಬಿದ ರೈಲು ಡಬ್ಬಿಗಳಲ್ಲಿ ಮಾಂಸ ಕಳಿಸೋಣ ಎಂಬುದು ಅವನ ಲೆಕ್ಕ. ಹುಲ್ಲು ಮೇಯ್ದ ದನದ ಮಾಂಸಕ್ಕೆ ಪೂರ್ವದ ಪೇಟೆಯಲ್ಲಿ ಗಿರಾಕಿ ಕಡಿಮೆ, ಷಿಕಾಗೋದ ದೊಡ್ಡ ವ್ಯಾಪಾರಿಗಳ ಪೈಪೋಟಿ ಬೇರೆ. 1886ರಲ್ಲಿ ಕಾರ್ಖಾನೆ ಮುಚ್ಚಿತು. ಅದೇ ಚಳಿಗಾಲದ ಭೀಕರ ಹಿಮಕ್ಕೆ ಈ ಬಯಲಿನ ದನಗಳು ಸಾಲುಸಾಲಾಗಿ ಸತ್ತವು. ಊರೂ ಬಹುತೇಕ ಖಾಲಿಯಾಯಿತು. ಕಾರ್ಖಾನೆ 1907ರಲ್ಲಿ ಸುಟ್ಟುಹೋಗಿ, ಇಟ್ಟಿಗೆಯ ಎತ್ತರದ ಚಿಮಣಿಯೊಂದೇ ಊರಿನ ಪಶ್ಚಿಮ ಅಂಚಿನಲ್ಲಿ ನಿಂತಿದೆ. ಅದನ್ನು ನೋಡಲು ದುಡ್ಡು ಕೊಡಬೇಕಿಲ್ಲ. ನದಿಯಾಚೆಯ ಗುಡ್ಡದ ಮೇಲೆ ಅವನ 26 ಕೋಣೆಗಳ ಮನೆ ಇದೆ. ಅದಕ್ಕೆ ಟಿಕೆಟ್ ಉಂಟು. ಒಳಗಿನ ಪೀಠೋಪಕರಣ, ಪಾತ್ರೆಪಗಡೆಗಳಲ್ಲಿ ಬಹಳಷ್ಟು ಆ ಕುಟುಂಬದ್ದೇ ಆದ್ದರಿಂದ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಮಧ್ಯಾಹ್ನ ಬಿಸಿಲು ನೆತ್ತಿಗೆ ಬಂದಾಗ ಊರ ಪಕ್ಕದ ಥಿಯೋಡರ್ ರೂಸ್‌ವೆಲ್ಟ್ ರಾಷ್ಟ್ರೀಯ ಉದ್ಯಾನವನದಲ್ಲಿ ಪ್ರಾಣಿಗಳು ಮರೆಗೆ ಸರಿಯುತ್ತವೆ. ಈ ಮನೆ ನೋಡಲು ಆ ಹೊತ್ತೇ ಸರಿ.

ಇವತ್ತು ಕಾಣುವ ಮೆಡೋರಾ 1960ರ ದಶಕದ ನಂತರದ್ದು. ಮಿಸ್ಟರ್ ಬಬಲ್ ಎಂಬ ಸ್ನಾನದ ನೊರೆ ಮಾರಿ ಶ್ರೀಮಂತರಾದ ಹೆರಾಲ್ಡ್ ಶೇಫರ್ ಹಳೆಯ ಕಟ್ಟಡಗಳನ್ನು ಕೊಂಡು ರಿಪೇರಿ ಮಾಡಿಸಿದರು. ಅವರ ಆಸ್ತಿ 1986ರಲ್ಲಿ ಒಂದು ಪ್ರತಿಷ್ಠಾನದ ಕೈಗೆ ಬಂತು. ಊರಿನ ಹೋಟೆಲು, ಮೋಟೆಲು, ನಾಟಕಶಾಲೆಗಳಲ್ಲಿ ಬಹುಪಾಲು ಅದರದ್ದೇ. ಹಾಗಾಗಿ ಒಂದು ಕಡೆ ಕೋಣೆ ಇಲ್ಲವೆಂದರೆ ಮತ್ತೊಂದು ಕಡೆಯೂ ಇಲ್ಲ ಎಂದೇ ತಿಳಿಯಬೇಕು. ಜುಲೈಗೆ ಹೋಗುವವರು ಫೆಬ್ರವರಿ, ಮಾರ್ಚ್‌ನಲ್ಲೇ ಕಾಯ್ದಿರಿಸಿ. ಸಿಗದಿದ್ದರೆ ಪೂರ್ವಕ್ಕೆ 35 ಮೈಲಿ ದೂರದ ಡಿಕಿನ್ಸನ್‌ನಲ್ಲಿ ಎಲ್ಲ ದರದ ಹೋಟೆಲುಗಳಿವೆ. ಟೆಂಟ್ ಇರುವವರಿಗೆ ಉದ್ಯಾನವನದೊಳಗಿನ ಕಾಟನ್‌ವುಡ್ ಕ್ಯಾಂಪ್ ಚೆನ್ನಾಗಿದೆ. ಅಲ್ಲಿ ಕುಡಿಯುವ ನೀರು, ಶೌಚಾಲಯ ಉಂಟು; ಸ್ನಾನದ ವ್ಯವಸ್ಥೆ, ಕರೆಂಟು ಇಲ್ಲ. ಊರೊಳಗೆ ಎಲ್ಲಿ ಉಳಿದರೂ ಗೂಡ್ಸ್ ರೈಲಿನ ಕೂಗು ರಾತ್ರಿ ಕೇಳಿಸುತ್ತದೆ. ನಿದ್ದೆ ಸೂಕ್ಷ್ಮದವರು ಕಿವಿಗೆ ಹತ್ತಿ ಇಟ್ಟುಕೊಳ್ಳಲಿ. ಪ್ರಯಾಣಿಕರ ರೈಲು ಮಾತ್ರ ಈ ದಾರಿಯಲ್ಲಿ 1979ರಲ್ಲೇ ನಿಂತಿದೆ. ಸ್ವಂತ ಅಥವಾ ಬಾಡಿಗೆ ಕಾರಿಲ್ಲದೆ ಇಲ್ಲಿಗೆ ಹೊರಡಬೇಡಿ.

ಮಿನಿಯಾಪೊಲಿಸ್‌ನಿಂದ ಸುಮಾರು 560 ಮೈಲಿ. ನಡುವೆ ಫಾರ್ಗೋ, ಬಿಸ್ಮಾರ್ಕ್. ನಿಲ್ಲದೆ ಓಡಿಸಿದರೆ ಎಂಟರಿಂದ ಎಂಟೂವರೆ ಗಂಟೆ. ಮಕ್ಕಳು, ಹಿರಿಯರು ಇದ್ದರೆ ಹತ್ತು ಗಂಟೆ ಹಿಡಿಯಿರಿ, ಇಲ್ಲವೇ ಬಿಸ್ಮಾರ್ಕ್‌ನಲ್ಲಿ ಒಂದು ರಾತ್ರಿ ತಂಗಿ. ಬಿಸ್ಮಾರ್ಕ್‌ನಿಂದ ಉಳಿಯುವುದು 130 ಮೈಲಿ ಚಿಲ್ಲರೆ. ಹೆಬ್ರನ್ ಊರು ದಾಟಿ ಸ್ಟಾರ್ಕ್ ಕೌಂಟಿ ಹೊಕ್ಕಾಗ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ; ಮೆಡೋರಾ ಮೌಂಟನ್ ಸಮಯದ್ದು. ಡಿಕಿನ್ಸನ್‌ನಲ್ಲಿ ಟ್ಯಾಂಕ್ ತುಂಬಿಸಿ, ಹಾಲು ಮೊಸರು ತರಕಾರಿ ಕೊಂಡುಬಿಡಿ. ಅಲ್ಲಿಂದ ಮುಂದೆ ದೊಡ್ಡ ಅಂಗಡಿ ಇಲ್ಲ. ಆಸ್ಪತ್ರೆಯೂ ಡಿಕಿನ್ಸನ್‌ನದ್ದೇ. ಬಿಪಿ, ಸಕ್ಕರೆ ಮಾತ್ರೆ ತೆಗೆದುಕೊಳ್ಳುವ ಹಿರಿಯರಿದ್ದರೆ ಎರಡು ದಿನಕ್ಕೆ ಹೆಚ್ಚೇ ಇಟ್ಟುಕೊಳ್ಳಿ.

ಪೂರ್ವದಿಂದ ಬರುವವರು ಇಳಿಯಬೇಕಾದದ್ದು 27ನೇ ಎಕ್ಸಿಟ್, ಮೊಂಟಾನಾ ಕಡೆಯಿಂದ ಬರುವವರು 24ನೇದು. ಆದರೆ ಅದಕ್ಕೂ ಮೊದಲು 32ನೇ ಎಕ್ಸಿಟ್‌ನಲ್ಲಿ ಪೇಂಟೆಡ್ ಕ್ಯಾನ್ಯನ್‌ಗೆ ತಿರುಗಿ. ಹೆದ್ದಾರಿಯ ಪಕ್ಕದಲ್ಲೇ ಕಾರು ನಿಲ್ಲಿಸಿ ನಾಲ್ಕು ಹೆಜ್ಜೆ ಇಟ್ಟರೆ ಅಲ್ಲಿಯವರೆಗೆ ಚಪ್ಪಟೆಯಾಗಿದ್ದ ಬಯಲು ಒಮ್ಮೆಲೇ ಕುಸಿದು, ಬೂದು, ಕಂದು, ಇಟ್ಟಿಗೆ ಕೆಂಪಿನ ಪದರಗಳ ದಿಬ್ಬಗಳು ಕಣ್ಣು ಹಾಯುವಷ್ಟು ದೂರ ಹರಡುತ್ತವೆ. ಪ್ರವೇಶ ಶುಲ್ಕ ಇಲ್ಲ, ನಡೆಯಲಾಗದವರಿಗೂ ಪೂರ್ತಿ ನೋಟ ಸಿಗುತ್ತದೆ. ಸಂಜೆಯ ಓರೆ ಬಿಸಿಲಿಗೆ ಬಣ್ಣ ಏಳುತ್ತದೆ. ನಡು ಮಧ್ಯಾಹ್ನ ಎಲ್ಲವೂ ಬಿಳಚಿಕೊಂಡಂತೆ ಕಾಣುತ್ತದೆ.

ಆ ಕೆಂಪಿನ ಕಾರಣ ಗೊತ್ತಿದ್ದರೆ ನೋಡುವ ಖುಷಿಯೇ ಬೇರೆ. ಈ ದಿಬ್ಬಗಳ ನಡುವೆ ಲಿಗ್ನೈಟ್ ಕಲ್ಲಿದ್ದಲಿನ ಪದರಗಳಿವೆ. ಸಿಡಿಲಿಗೋ ಕಾಡುಕಿಚ್ಚಿಗೋ ಅವು ಹೊತ್ತಿಕೊಂಡರೆ ವರ್ಷಗಟ್ಟಲೆ ಒಳಗೊಳಗೇ ಉರಿಯುತ್ತವೆ. ಮೇಲಿನ ಜೇಡಿಮಣ್ಣು ಬೆಂದು ಇಟ್ಟಿಗೆಯಾಗುತ್ತದೆ. ಉದ್ಯಾನವನದ ಕೋಲ್ ವೇನ್ ಎಂಬಲ್ಲಿ ಅಂಥ ಬೆಂಕಿ 1951ರಿಂದ 1977ರವರೆಗೆ ಉರಿಯಿತು. ಮುಕ್ಕಾಲು ಮೈಲಿಯಷ್ಟು ಉದ್ದದ ಕಾಲುದಾರಿಯಲ್ಲಿ ಬೆಂದ ಮಣ್ಣು, ಕುಸಿದ ನೆಲ ಹತ್ತಿರದಿಂದ ಕಾಣುತ್ತವೆ. ಸ್ಥಳೀಯರು ಈ ಕೆಂಪು ಕಲ್ಲನ್ನು ಸ್ಕೋರಿಯಾ ಎನ್ನುತ್ತಾರೆ, ಹಳ್ಳಿರಸ್ತೆಗಳಿಗೆ ಜಲ್ಲಿಯಾಗಿ ಹಾಕುತ್ತಾರೆ. ಅದರ ಅಂಚು ಚೂಪು, ಟೈರು ಸೀಳುತ್ತದೆ. ಮಣ್ಣುರಸ್ತೆಗೆ ಇಳಿಯುವವರು ಸ್ಟೆಪ್ನಿ ಸರಿಯಾಗಿದೆಯೇ ನೋಡಿಕೊಳ್ಳಿ. ಈಗಿನ ಎಷ್ಟೋ ಬಾಡಿಗೆ ಕಾರುಗಳಲ್ಲಿ ಸ್ಟೆಪ್ನಿಯೇ ಇರುವುದಿಲ್ಲ. ಇನ್ನೊಂದು ಅಪಾಯ ಬೆಂಟೊನೈಟ್ ಜೇಡಿ. ಒಣಗಿದ್ದಾಗ ಒಡೆದ ಪಾಪ್‌ಕಾರ್ನ್ ಥರ ಉಬ್ಬಿ ನಿಂತಿರುತ್ತದೆ. ಒಂದು ಮಳೆ ಬಿದ್ದರೆ ನೀರು ಹೀರಿ, ಮೇಲೆ ಸೋಪು ಹಚ್ಚಿದ ಹಾಗೆ ಜಾರುತ್ತದೆ. ಚಕ್ರದ ಸಂದಿಗೆ ಮೆತ್ತಿ ಕಾರನ್ನು ಅಲ್ಲಾಡಲು ಬಿಡುವುದಿಲ್ಲ. ಮಳೆಯಾದ ದಿನ ಡಾಂಬರು ರಸ್ತೆ ಬಿಡಬೇಡಿ, ಕಾಲುದಾರಿಯಲ್ಲೂ ಇಳಿಜಾರು ಹತ್ತಬೇಡಿ.

ಥಿಯೋಡರ್ ರೂಸ್‌ವೆಲ್ಟ್ ರಾಷ್ಟ್ರೀಯ ಉದ್ಯಾನವನದ ದಕ್ಷಿಣ ಭಾಗದ ಗೇಟು ಊರಿಗೇ ಅಂಟಿಕೊಂಡಿದೆ. ಒಂದು ಕಾರಿಗೆ 30 ಡಾಲರ್, ಏಳು ದಿನ ನಡೆಯುತ್ತದೆ, ಉತ್ತರ ಭಾಗಕ್ಕೂ ಅದೇ ಚೀಟಿ. ಮುಂದೆ ಅಮೆರಿಕದ ಅಧ್ಯಕ್ಷರಾದ ರೂಸ್‌ವೆಲ್ಟ್ 1883ರ ಸೆಪ್ಟೆಂಬರ್‌ನಲ್ಲಿ ಕಾಡೆಮ್ಮೆ (ಬೈಸನ್) ಬೇಟೆಗೆಂದು ಇಲ್ಲಿಗೆ ಬಂದವರು. ಮರುವರ್ಷ ಫೆಬ್ರವರಿ 14ರಂದು ಒಂದೇ ದಿನ ತಾಯಿ, ಹೆಂಡತಿ ಇಬ್ಬರನ್ನೂ ಕಳೆದುಕೊಂಡ ಮೇಲೆ ಈ ಬಯಲಿಗೇ ಮರಳಿ ದನ ಸಾಕುತ್ತಾ ದಿನ ಕಳೆದರು. ಅವರ ಮಾಲ್ಟೀಸ್ ಕ್ರಾಸ್ ಮರದ ಮನೆ ಮಾಹಿತಿ ಕೇಂದ್ರದ ಹಿಂದೆ ಇದೆ. 1904ರ ಸೇಂಟ್ ಲೂಯಿಸ್ ವಸ್ತುಪ್ರದರ್ಶನ ಸೇರಿ ಊರೂರು ಸುತ್ತಿ ಬಂದ ಮನೆ ಅದು. ಎಲ್ಕ್‌ಹಾರ್ನ್ ಎಂಬ ಅವರ ಇನ್ನೊಂದು ನೆಲೆಗೆ ಮಾತ್ರ ಹತ್ತಾರು ಮೈಲಿ ಜಲ್ಲಿರಸ್ತೆ, ಕೊನೆಯಲ್ಲಿ ಕಾಣುವುದು ಅಡಿಪಾಯದ ಕಲ್ಲುಗಳಷ್ಟೆ. ಸಣ್ಣ ಮಕ್ಕಳಿದ್ದರೆ ಬಿಟ್ಟುಬಿಡಿ. ರೂಸ್‌ವೆಲ್ಟ್ ಹೆಸರಿನ ಹೊಸ ಅಧ್ಯಕ್ಷೀಯ ಗ್ರಂಥಾಲಯವನ್ನು 2026ರ ಜುಲೈ 4ರ ಉದ್ಘಾಟನೆಗೆಂದು ಊರಿನ ಪಕ್ಕದ ಗುಡ್ಡದ ಮೇಲೆ ಕಟ್ಟಿದ್ದಾರೆ. ಅದರಿಂದ ಜನದಟ್ಟಣೆ ಹೆಚ್ಚುತ್ತದೆ, ಕೋಣೆ ಇನ್ನಷ್ಟು ಬೇಗ ಕಾಯ್ದಿರಿಸಬೇಕಾಗುತ್ತದೆ.

ಒಳಗಿನ ಸುತ್ತುರಸ್ತೆ 36 ಮೈಲಿ. 2019ರಲ್ಲಿ ಅದರ ಒಂದು ಕಡೆ ಮಣ್ಣು ಕುಸಿದು ಮುಚ್ಚಿ, ದುರಸ್ತಿ ವರ್ಷಗಟ್ಟಲೆ ಎಳೆಯಿತು. ಈ ನೆಲದ ಗುಣವೇ ಅದು. ಗೇಟಿನಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ, ಸುತ್ತು ಪೂರ್ತಿ ತೆರೆದಿದೆಯೇ ಎಂಬುದು. ತೆರೆದಿಲ್ಲವಾದರೆ ಹೋದ ದಾರಿಯಲ್ಲೇ ವಾಪಸ್ ಬರಬೇಕು, ಅದಕ್ಕೆ ತಕ್ಕಂತೆ ಸಮಯ ಇಟ್ಟುಕೊಳ್ಳಿ. ಬೆಳಗ್ಗೆ ಆರಕ್ಕೆ ಒಳಗಿದ್ದರೆ ಕಾಡೆಮ್ಮೆ, ಕಾಡುಕುದುರೆ ಎರಡೂ ರಸ್ತೆ ಬದಿಯಲ್ಲೇ ಸಿಗುವ ಸಂಭವ ಹೆಚ್ಚು. ಮೂರು ಗಂಟೆ ಹಿಡಿಯುತ್ತದೆ. ಅವಸರ ಮಾಡಿದರೆ ಏನೂ ಕಾಣುವುದಿಲ್ಲ. ಬಾಯ್ಕೋರ್ಟ್ ನೋಟಸ್ಥಳದ ದಾರಿ ಸಮತಟ್ಟು, ಮಂಡಿನೋವಿನವರೂ ನಡೆಯಬಹುದು. ವಿಂಡ್ ಕ್ಯಾನ್ಯನ್ ಚಿಕ್ಕದಾದರೂ ಏರು. ಮೇಲಿಂದ ನದಿಯ ತಿರುವು ಕಾಣುವುದರಿಂದ ಸೂರ್ಯಾಸ್ತಕ್ಕೆ ಅಲ್ಲಿಗೇ ಹೋಗಿ. ಜೂನ್ ಕೊನೆಯಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತರ ಸುಮಾರಿಗೆ.

ಕಾಡೆಮ್ಮೆಗಳ ಬಗ್ಗೆ ಗಂಭೀರವಾಗಿ ಹೇಳಬೇಕು. 1956ರಲ್ಲಿ ನೆಬ್ರಾಸ್ಕದಿಂದ ತಂದು ಬಿಟ್ಟ 29 ಪ್ರಾಣಿಗಳ ಸಂತತಿ ಇದು. ನಮ್ಮ ಊರಿನ ಎಮ್ಮೆಯಂತೆ ನಿಧಾನವಾಗಿ ಮೇಯುತ್ತಿರುವುದನ್ನು ಕಂಡು ಹತ್ತಿರ ಹೋಗಬಹುದು ಅನ್ನಿಸುತ್ತದೆ. ಮನುಷ್ಯನಿಗಿಂತ ಜೋರಾಗಿ ಓಡುತ್ತವೆ. 25 ಗಜ, ಅಂದರೆ ಸುಮಾರು 23 ಮೀಟರ್ ದೂರ ನಿಯಮದ ಕನಿಷ್ಠ. ಬಾಲ ಮೇಲೆದ್ದರೆ ಆ ದೂರವೂ ಸಾಲದು. ಜುಲೈ ಕೊನೆಯಿಂದ ಆಗಸ್ಟ್‌ವರೆಗೆ ಹೋರಿಗಳು ಬೆದೆಯಲ್ಲಿರುತ್ತವೆ. ಹಿಂಡು ರಸ್ತೆಗೆ ಅಡ್ಡ ನಿಂತರೆ ಹಾರನ್ ಹೊಡೆಯದೆ ಕಾರಿನೊಳಗೇ ಕಾಯಿರಿ. ಅಳಿಲಿನಂತೆ ಎದ್ದು ನಿಂತು ಕೂಗುವ ಪ್ರೇರೀ ಡಾಗ್‌ಗಳಿಗೆ ಮಕ್ಕಳು ಬಿಸ್ಕತ್ತು ಹಾಕದಂತೆ ನೋಡಿಕೊಳ್ಳಿ. ಅವುಗಳ ಚಿಗಟ ಪ್ಲೇಗ್ ಹರಡಬಲ್ಲದು, ಬಿಲದಲ್ಲಿ ಬುಡುಬುಡಿಕೆ ಹಾವು ಇರಬಹುದು. ಮೇ, ಜೂನ್‌ನಲ್ಲಿ ಹುಲ್ಲಿನಲ್ಲಿ ರಕ್ತ ಹೀರುವ ಉಣ್ಣೆ ಹುಳ ಹೆಚ್ಚು. ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ, ಸಂಜೆ ಮಕ್ಕಳ ಕಿವಿಹಿಂಭಾಗ, ಕಂಕುಳು ನೋಡಿ.

ಊಟದ ವಿಷಯಕ್ಕೆ ಬಂದರೆ, ಇದು ದನ ಸಾಕುವವರ ನಾಡು. ಊರಿನ ಹೆಸರುವಾಸಿ ಊಟವೇ ಹುಲ್ಲು ಎತ್ತುವ ಕವೆಗೋಲಿಗೆ ದನದ ಮಾಂಸ ಚುಚ್ಚಿ ಕುದಿಯುವ ಎಣ್ಣೆಯಲ್ಲಿ ಕರಿಯುವುದು. ಸಸ್ಯಾಹಾರಿಗಳು ಸೂಪು, ಬೇಯಿಸಿದ ಬೀನ್ಸ್ ಕೊಳ್ಳುವ ಮೊದಲು ಮಾಂಸದ ರಸ ಅಥವಾ ಕೊಬ್ಬು ಹಾಕಿದ್ದಾರೆಯೇ ಎಂದು ಕೇಳಲೇಬೇಕು. ಆಲೂಗಡ್ಡೆ ಫ್ರೈ ಕೋಳಿ ಕರಿದ ಎಣ್ಣೆಯಲ್ಲೇ ಆಗಿರಬಹುದು. ಅದಕ್ಕಿಂತ ಸುಲಭ, ಚಿಕ್ಕ ರೈಸ್ ಕುಕ್ಕರ್ ಒಯ್ಯುವುದು. ನಾಲ್ವರಿಗೆ ಎರಡು ದಿನಕ್ಕೆ ಎರಡು ಕಿಲೋ ಅಕ್ಕಿ, ಅರ್ಧ ಕಿಲೋ ಹುರಿದ ರವೆ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಉಪ್ಪಿನಕಾಯಿ ಸಾಕು. ಮೊಸರು ಡಿಕಿನ್ಸನ್‌ನಲ್ಲಿ ಸಿಗುತ್ತದೆ. ಕೋಣೆಯಲ್ಲಿ ಕುಕ್ಕರ್ ಬಳಸಬಹುದೇ ಎಂದು ಕಾಯ್ದಿರಿಸುವಾಗಲೇ ಕೇಳಿ. ಒಗ್ಗರಣೆ ಮಾತ್ರ ಬೇಡ, ಹೊಗೆ ಎಚ್ಚರಿಕೆಯ ಗಂಟೆ ಹೊಡೆದುಕೊಳ್ಳುತ್ತದೆ.

ಜೂನ್‌ನಿಂದ ಸೆಪ್ಟೆಂಬರ್ ಆರಂಭದವರೆಗೆ ಸಂಜೆ ಏಳೂವರೆಗೆ ಬರ್ನಿಂಗ್ ಹಿಲ್ಸ್ ಬಯಲು ರಂಗಮಂದಿರದಲ್ಲಿ ಹಾಡು ಕುಣಿತದ ಪ್ರದರ್ಶನ. ಕಣಿವೆಯ ಇಳಿಜಾರಿನಲ್ಲಿ ಆಸನಗಳಿದ್ದರೂ ಎಸ್ಕಲೇಟರ್ ಇರುವುದರಿಂದ ಹಿರಿಯರಿಗೆ ತೊಂದರೆಯಿಲ್ಲ. ಮುಗಿಯುವ ಹೊತ್ತಿಗೆ ಊರಲ್ಲಿ ಊಟ ಸಿಗುವುದು ಕಷ್ಟ, ಆರಕ್ಕೇ ಉಂಡು ಹೋಗಿ. ಹಗಲು 30 ಡಿಗ್ರಿ ಇದ್ದರೂ ರಾತ್ರಿ ಸ್ವೆಟರ್ ಬೇಕು. ಜುಲೈ ಸಂಜೆಗಳಲ್ಲಿ ಗುಡುಗು, ಆಲಿಕಲ್ಲು ಇಲ್ಲಿ ಮಾಮೂಲು. ಬಾಡಿಗೆ ಕಾರಿನ ವಿಮೆಯಲ್ಲಿ ಆಲಿಕಲ್ಲಿನ ಹಾನಿ ಸೇರಿದೆಯೇ ಎಂದು ಮೊದಲೇ ಓದಿಕೊಳ್ಳಿ.

ಮೂರನೇ ದಿನ ಎರಡು ದಾರಿ. ಬೆಲ್‌ಫೀಲ್ಡ್‌ನಿಂದ 85ನೇ ಹೆದ್ದಾರಿಯಲ್ಲಿ ಉತ್ತರಕ್ಕೆ ಹೋದರೆ, ಮೆಡೋರಾದಿಂದ 70 ಮೈಲಿಯಷ್ಟು ದೂರದಲ್ಲಿ ಉದ್ಯಾನವನದ ಉತ್ತರ ಭಾಗ. ಅಲ್ಲಿ ಜನ ಕಡಿಮೆ, ಕಣಿವೆ ಹೆಚ್ಚು ಆಳ. 14 ಮೈಲಿ ರಸ್ತೆ ಆಕ್ಸ್‌ಬೋ ನೋಟಸ್ಥಳಕ್ಕೆ ಮುಗಿಯುತ್ತದೆ, ಅದೇ ದಾರಿಯಲ್ಲಿ ವಾಪಸ್. ಅಲ್ಲಿಯದು ಸೆಂಟ್ರಲ್ ಸಮಯ, ಅಂದರೆ ಒಂದು ಗಂಟೆ ಮುಂದೆ; ಮೆಡೋರಾದ ಗಡಿಯಾರ ನಂಬಿದರೆ ಮಾಹಿತಿ ಕೇಂದ್ರ ಮುಚ್ಚಿರುತ್ತದೆ. ರಶ್‌ಮೋರ್ ಕಡೆ ಹೋಗುವವರು ಅದೇ 85ರಲ್ಲಿ ದಕ್ಷಿಣಕ್ಕೆ ತಿರುಗಿ. ನಾಲ್ಕು ಗಂಟೆ ಚಿಲ್ಲರೆ ದಾರಿ. ಸ್ಲೋಪ್ ಕೌಂಟಿಯ ಕೇಂದ್ರ ಆಮಿಡನ್ ಸಿಗುತ್ತದೆ, ಮೆಡೋರಾಕ್ಕಿಂತಲೂ ಎಷ್ಟೋ ಚಿಕ್ಕದು. ಹತ್ತಿರದಲ್ಲೇ ರಾಜ್ಯದ ಅತಿ ಎತ್ತರದ ವೈಟ್ ಬ್ಯೂಟ್, 3,507 ಅಡಿ. ಬೋಮನ್‌ನಲ್ಲಿ ಪೆಟ್ರೋಲ್ ತುಂಬಿಸಿಕೊಳ್ಳಿ, ಅಲ್ಲಿಂದ ಸೌತ್ ಡಕೋಟದೊಳಗೆ ಬಹಳ ದೂರದವರೆಗೆ ಬಂಕುಗಳು ವಿರಳ. ಕತ್ತಲಾದ ಮೇಲೆ ಈ ರಸ್ತೆಯಲ್ಲಿ ಜಿಂಕೆಗಳು ಅಡ್ಡ ಬರುತ್ತವೆ, ಬೆಳಗ್ಗೆಯೇ ಹೊರಟುಬಿಡಿ.