ಲೆಪಿಂಗ್ಸ್ ಲೇನ್ ಕಡೆಯ ಟಿಕೆಟ್

ಲೀಡ್ಸ್‌ನಿಂದ ಶೆಫೀಲ್ಡ್‌ಗೆ ರೈಲಿನಲ್ಲಿ ಹೆಚ್ಚೆಂದರೆ ಒಂದು ತಾಸು. 2024ರ ಮಾರ್ಚ್ 8ರ ಶುಕ್ರವಾರ ಸಂಜೆ ಆ ದಾರಿಯಲ್ಲಿ ಹೊರಟವರಲ್ಲಿ ಅರ್ಧ ಜನ ಕೆಲಸ ಮುಗಿಸಿ ಮನೆಗೆ ಹೋಗುವವರು, ಉಳಿದರ್ಧ ನಾವು. ರಾತ್ರಿ 8ಕ್ಕೆ ಹಿಲ್ಸ್‌ಬರೋ ಮೈದಾನದಲ್ಲಿ ಶೆಫೀಲ್ಡ್ ವೆನ್ಸ್‌ಡೇ ವಿರುದ್ಧ ಲೀಡ್ಸ್ ಯುನೈಟೆಡ್ ಫುಟ್‌ಬಾಲ್ ಪಂದ್ಯ. ಎರಡೂ ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತ್ಯದ ತಂಡಗಳೇ ಆದ್ದರಿಂದ ಜಿದ್ದು ಹೆಚ್ಚು. ನನ್ನನ್ನು ಎಳೆದುಕೊಂಡು ಹೋದವನು ಆಫೀಸಿನ ಗೆಳೆಯ, ಅಪ್ಪನ ಕಾಲದಿಂದಲೂ ಲೀಡ್ಸ್ ಭಕ್ತ. “ತಂಡದ ಸ್ಕಾರ್ಫು ಕೋಟಿನೊಳಗಿರಲಿ, ಪಬ್ ಬಾಗಿಲಲ್ಲಿ ಜಾಸ್ತಿ ಮಾತಾಡಬೇಡ” ಎಂದು ಮೊದಲೇ ತಾಕೀತು ಮಾಡಿದ್ದ. ನಾನು ಬಾಯಿಬಿಟ್ಟರೆ ಹೊರಬೀಳುವುದು ಲೀಡ್ಸ್ ಅಲ್ಲ, ಶಿವಮೊಗ್ಗ. ಆ ಬುದ್ಧಿವಾದ ಅವನಿಗೇ ಹೆಚ್ಚು ಬೇಕಿತ್ತು.

ನಮ್ಮ ಬೋಗಿಯ ಕೊನೆಯಲ್ಲಿ ಹಳದಿ ಜಾಕೆಟ್ಟಿನ ಇಬ್ಬರು ರೈಲ್ವೆ ಪೊಲೀಸರು ನಿಂತಿದ್ದರು. ಅವರ ಜೊತೆ ಹರಟುತ್ತಿದ್ದ ಇನ್ನೊಬ್ಬನನ್ನು ತೋರಿಸಿ ಗೆಳೆಯ, “ಅವನು ನಮ್ಮೂರಿನ ಸ್ಪಾಟರ್” ಎಂದ. ಇಂಗ್ಲೆಂಡಿನಲ್ಲಿ ದೊಡ್ಡ ಕ್ಲಬ್ಬುಗಳ ಅಭಿಮಾನಿಗಳನ್ನು ನೋಡಿಕೊಳ್ಳಲೆಂದೇ ಪೊಲೀಸರಿರುತ್ತಾರೆ. ತಂಡ ಪರವೂರಿಗೆ ಹೋದರೆ ಅವರೂ ಹಿಂದೆಯೇ ಹೋಗುತ್ತಾರೆ. ಯಾರು ಬರೀ ಬಾಯಿಬಡುಕ, ಯಾರು ನಿಜಕ್ಕೂ ಕೈ ಎತ್ತುವವನು ಎಂದು ಆ ಊರಿನ ಪೊಲೀಸರಿಗೆ ಹೇಳುವುದು ಅವರ ಕೆಲಸ. ಕೈ ಎತ್ತಿ ಸಿಕ್ಕಿಬಿದ್ದವರಿಗೆ ಕೋರ್ಟು 3ರಿಂದ 10 ವರ್ಷ ಮೈದಾನದ ಮುಖ ನೋಡದಂತೆ ನಿಷೇಧ ಹೇರಬಹುದು. ಇಂಗ್ಲೆಂಡ್ ತಂಡ ಹೊರದೇಶದಲ್ಲಿ ಆಡುವಾಗ ಅಂಥವರು ಪಾಸ್‌ಪೋರ್ಟನ್ನೂ ಪೊಲೀಸರಿಗೆ ಒಪ್ಪಿಸಬೇಕಾಗುತ್ತದೆ.

ಲೀಡ್ಸ್‌ನವರಿಗೆ ಹೆಸರು ಕೆಟ್ಟಿರುವುದಕ್ಕೆ ಕಾರಣವೂ ಇದೆ. 2012ರ ಅಕ್ಟೋಬರಿನ ಇಂಥದೇ ಒಂದು ಶುಕ್ರವಾರ ರಾತ್ರಿ, ಇದೇ ಹಿಲ್ಸ್‌ಬರೋದಲ್ಲಿ, ಲೀಡ್ಸ್ ಅಭಿಮಾನಿಯೊಬ್ಬ ಮೈದಾನಕ್ಕೆ ನುಗ್ಗಿ ವೆನ್ಸ್‌ಡೇ ಗೋಲ್‌ಕೀಪರ್ ಕ್ರಿಸ್ ಕರ್ಕ್‌ಲ್ಯಾಂಡ್ ಮುಖಕ್ಕೆ ಹೊಡೆದು 16 ವಾರ ಜೈಲು ಕಂಡ. ಆದರೆ ಒಬ್ಬ ಹೊಡೆದದ್ದಕ್ಕೆ ಊರಿಗೆ ಊರೇ ಹೊಡೆದಂತೆ ಲೆಕ್ಕ ಹಾಕುವುದು ಎಲ್ಲಿಯ ನ್ಯಾಯ? 2008ರ ನವೆಂಬರಿನಲ್ಲಿ ಸ್ಟೋಕ್ ಸಿಟಿಯ ಅಭಿಮಾನಿಗಳು ಮ್ಯಾಂಚೆಸ್ಟರ್ ಹತ್ತಿರದ ಅರ್ಲಮ್‌ನ ಪಬ್ಬೊಂದರಲ್ಲಿ ಕೂತಿದ್ದರು. ಪೊಲೀಸರು ಬಂದು ಅವರನ್ನೆಲ್ಲ ಬಸ್ಸಿಗೆ ಹತ್ತಿಸಿ, ಪಂದ್ಯ ಶುರುವಾಗುವ ಮೊದಲೇ ವಾಪಸ್ ಊರಿಗೆ ಸಾಗಹಾಕಿದರು. ಮುಂದೆ ಏನಾದರೂ ಗಲಾಟೆಯಾದೀತು ಎಂಬುದೇ ಕಾರಣ. ಆಮೇಲೆ ಗ್ರೇಟರ್ ಮ್ಯಾಂಚೆಸ್ಟರ್ ಪೊಲೀಸ್ ಇಲಾಖೆ ಪರಿಹಾರ ಕೊಡಬೇಕಾಗಿ ಬಂತು. ಅದನ್ನು ನಮ್ಮ ಎದುರು ಸೀಟಿನ ಹಿರಿಯರೊಬ್ಬರು ಹೇಳಿದ ವೈಖರಿ ನೋಡಿದರೆ ಆ ಬಸ್ಸಿನಲ್ಲಿ ಅವರೇ ಕೂತಿದ್ದರೇನೋ ಅನಿಸಬೇಕು.

ಶೆಫೀಲ್ಡ್ ಸ್ಟೇಷನ್ನಿನ ಹಿಂದಿನ ಏರಿನಲ್ಲಿ ಟ್ರಾಮ್ ಹತ್ತಿ ಹಿಲ್ಸ್‌ಬರೋ ಸ್ಟಾಪಿನಲ್ಲಿ ಇಳಿದೆವು. ದಾರಿಯ ಪಬ್ಬೊಂದರ ಬಾಗಿಲಲ್ಲಿ ‘ಆತಿಥೇಯ ಅಭಿಮಾನಿಗಳಿಗೆ ಮಾತ್ರ’ ಎಂಬ ಚೀಟಿ. ಕಾವಲಿನವನು ಗೆಳೆಯನನ್ನು ಎರಡೇ ಮಾತಿನಲ್ಲಿ ಪತ್ತೆ ಹಚ್ಚಿ ಹೊರಗೆ ನಿಲ್ಲಿಸಿದ. ನನ್ನನ್ನು ಮೇಲಿಂದ ಕೆಳಗೆ ನೋಡಿ, “ನೀವು ಬರಬಹುದು” ಎಂದ. ಗೆಳೆಯ ಆ ಅವಮಾನವನ್ನು ಇನ್ನೂ ಮರೆತಿಲ್ಲ.

ಪರವೂರಿನವರ ಟಿಕೆಟ್ ಇರುವುದು ಮೈದಾನದ ಪಶ್ಚಿಮ ತುದಿಗೆ, ಲೆಪಿಂಗ್ಸ್ ಲೇನ್ ಕಡೆಗೆ. ಆ ಹೆಸರು ಓದಿದ ಯಾರಿಗೂ ಅಲ್ಲಿ ಸುಮ್ಮನೆ ನಡೆದುಹೋಗಲು ಆಗುವುದಿಲ್ಲ. 1989ರ ಏಪ್ರಿಲ್ 15ರಂದು ಲಿವರ್‌ಪೂಲ್ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್ ನಡುವೆ ಎಫ್‌ಎ ಕಪ್ ಸೆಮಿಫೈನಲ್. ನಿಂತು ನೋಡುವ ಟಿಕೆಟ್ಟಿದ್ದ 10,100 ಲಿವರ್‌ಪೂಲ್ ಅಭಿಮಾನಿಗಳಿಗೆ ಇಲ್ಲಿ ಇದ್ದದ್ದು ಒಬ್ಬೊಬ್ಬರನ್ನೇ ಒಳಬಿಡುವ 7 ತಿರುಗು ಗೇಟು (ಟರ್ನ್‌ಸ್ಟೈಲ್). ಹೊರಗೆ ನೂಕುನುಗ್ಗಲಾದಾಗ, ಮಧ್ಯಾಹ್ನ 2.52ಕ್ಕೆ, ಉಸ್ತುವಾರಿ ಪೊಲೀಸ್ ಅಧಿಕಾರಿ ಡೇವಿಡ್ ಡಕೆನ್‌ಫೀಲ್ಡ್ ಆಜ್ಞೆಯಂತೆ ‘ಸಿ’ ಗೇಟು ತೆರೆಯಿತು. ಎದುರಿಗೇ ಇದ್ದ ಸುರಂಗವನ್ನು ಯಾರೂ ಮುಚ್ಚಲಿಲ್ಲ. ಜನ ನೇರ ಅದರೊಳಗೆ ನುಗ್ಗಿ, ಆಗಲೇ ತುಂಬಿದ್ದ ಕಬ್ಬಿಣದ ಆವರಣಗಳಿಗೆ ಸಿಕ್ಕಿಬಿದ್ದರು. ಪುಂಡರನ್ನು ತಡೆಯಲೆಂದು ಹಾಕಿದ್ದ ಬೇಲಿ ಅದು. ಜೀವ ಉಳಿಸಿಕೊಳ್ಳಲು ಅದನ್ನು ಹತ್ತಿದವರನ್ನು ಕಂಡ ಪೊಲೀಸರು ಮೊದಲು ಅಂದುಕೊಂಡದ್ದು, ಇವರು ಮೈದಾನಕ್ಕೆ ದಾಳಿಯಿಡುತ್ತಿದ್ದಾರೆ ಎಂದೇ. ಸತ್ತವರು 97 ಮಂದಿ. ಆಮೇಲೆ ತಪ್ಪನ್ನು ಕುಡುಕ ಅಭಿಮಾನಿಗಳ ತಲೆಗೆ ಕಟ್ಟಲಾಯಿತು. 164 ಪೊಲೀಸ್ ಹೇಳಿಕೆಗಳನ್ನು ತಿದ್ದಲಾಗಿತ್ತೆಂದು ಸ್ವತಂತ್ರ ಸಮಿತಿ ಹೇಳಿದ್ದು 2012ರಲ್ಲಿ. ಇವು ಕಾನೂನುಬಾಹಿರ ಹತ್ಯೆಗಳು, ಅಭಿಮಾನಿಗಳ ತಪ್ಪಿಲ್ಲ ಎಂದು ಜ್ಯೂರಿ ತೀರ್ಪು ಕೊಟ್ಟದ್ದು 2016ರಲ್ಲಿ. ಡಕೆನ್‌ಫೀಲ್ಡ್ 2019ರಲ್ಲಿ ಖುಲಾಸೆಯಾದರು.

ಈಗ ಬೇಲಿಯಿಲ್ಲ, ಎಲ್ಲರಿಗೂ ಕುರ್ಚಿ. ಆದರೂ ಇಕ್ಕಟ್ಟಿನ ಭಾವ ಪೂರ್ತಿ ಹೋಗಿಲ್ಲ. 2023ರ ಜನವರಿಯಲ್ಲಿ ಇಲ್ಲಿಗೆ ಬಂದಿದ್ದ ನ್ಯೂಕಾಸಲ್ ಅಭಿಮಾನಿಗಳು ಉಸಿರುಗಟ್ಟಿತೆಂದು ದೂರು ಕೊಟ್ಟ ಮೇಲೆ ಈ ತುದಿಯ ಟಿಕೆಟ್ ಸಂಖ್ಯೆಗೆ ಕತ್ತರಿ ಬಿತ್ತು.

ಇದನ್ನು ಬರೆಯುವಾಗ 2025ರ ಜೂನ್ 4 ನೆನಪಾಗದೆ ಇರುವುದು ಹೇಗೆ? ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ 11 ಜನ ಸತ್ತಾಗ ನಾನಿಲ್ಲಿ ಫೋನು ಹಿಡಿದು ಕೂತು ನೋಡಿದ್ದು ಅದೇ ಮೂರು ಚಿತ್ರ: ಕಿರಿದಾದ ಗೇಟು, ಹಿಂದಿನಿಂದ ಒತ್ತುವ ಜನ, ಸಂಜೆಯೊಳಗೆ ಶುರುವಾದ ‘ಯಾರ ತಪ್ಪು’ ಎಂಬ ಹಗ್ಗಜಗ್ಗಾಟ.

ಜನರನ್ನು ಬೆದರಿಸಿಯೇ ಹದ್ದಿನಲ್ಲಿಡಬೇಕು ಎಂಬುದು ನಿಜವಲ್ಲ. ಪೋರ್ಚುಗಲ್‌ನಲ್ಲಿ 2004ರ ಯೂರೋ ಕಪ್ ನಡೆದಾಗ, ಕ್ಲಿಫರ್ಡ್ ಸ್ಟಾಟ್ ಮತ್ತಿತರ ಮನಶ್ಶಾಸ್ತ್ರಜ್ಞರ ಸಲಹೆಯಂತೆ ನಗರ ಪೊಲೀಸರು ಹೆಲ್ಮೆಟ್, ಗುರಾಣಿ ಬದಿಗಿಟ್ಟು ಜನರ ನಡುವೆ ಮಾತಾಡುತ್ತಾ ಓಡಾಡಿದರು. ಅವರ ಸರಹದ್ದಿನಲ್ಲಿ ಇಂಗ್ಲಿಷ್ ಅಭಿಮಾನಿಗಳು ದೊಡ್ಡ ಗಲಭೆ ಮಾಡಲಿಲ್ಲ. ಬೇರೆ ಪಡೆಯ ಕೈಯಲ್ಲಿದ್ದ ಅಲ್ಬುಫೆಯ್ರಾ ಪಟ್ಟಣದಲ್ಲಿ ಮಾತ್ರ ಬೀದಿಕಾಳಗವಾಯಿತು. ನಾನು ಆ ರಾತ್ರಿ ನೋಡಿದ್ದೂ ಇದರ ಸಣ್ಣ ರೂಪವೇ. ಗೇಟಿನ ಬಳಿ ಹುಡುಗನೊಬ್ಬ ಕೂಗಾಡುತ್ತಿದ್ದ. ಕುದುರೆ ಮೇಲಿದ್ದ ಪೊಲೀಸ್ ಹತ್ತಿರ ಬಂದಷ್ಟೂ ಅವನ ದನಿ ಏರಿತು. ಸ್ಪಾಟರ್ ಬಂದು ಅವನನ್ನು ಹೆಸರು ಹಿಡಿದು ಕರೆದು, “ನಿಮ್ಮಮ್ಮ ಹೇಗಿದ್ದಾರೆ?” ಎಂದು ಕೇಳಿದ. ಹುಡುಗ ತಲೆ ತಗ್ಗಿಸಿ ಸಾಲಿಗೆ ಸೇರಿದ.

ಪಂದ್ಯ ಲೀಡ್ಸ್ 2-0ಯಿಂದ ಗೆದ್ದಿತು. ಚಳಿಗೆ ನನ್ನ ಕಾಲುಬೆರಳು ಮರಗಟ್ಟಿದ್ದವು. ಕೂರಲು ಕುರ್ಚಿಯಿದ್ದರೂ ಒಬ್ಬರೂ ಕೂರಲಿಲ್ಲ. 1985ರ ಕಾನೂನಿನಂತೆ, ಮೈದಾನ ಕಾಣುವ ಜಾಗದಲ್ಲಿ ಬಿಯರ್ ಕುಡಿಯುವಂತಿಲ್ಲ. ಅಭಿಮಾನಿಗಳನ್ನು ಕರೆತರುವ ಬಸ್ಸಿನಲ್ಲೂ ಇಲ್ಲ. ಕ್ರಿಕೆಟ್ ನೋಡುವವರಿಗೆ ಈ ಕಟ್ಟು ಇಲ್ಲ ಎಂಬುದು ಫುಟ್‌ಬಾಲಿನವರ ಹಳೆಯ ಹೊಟ್ಟೆಕಿಚ್ಚು.

ವಾಪಸ್ ಸ್ಟೇಷನ್ನಿನಲ್ಲಿ ರೈಲು ಕಾಯುತ್ತಾ ಗೆಳೆಯ ಹುಮ್ಮಸ್ಸಿನಲ್ಲಿದ್ದ. ಪೊಲೀಸ್ ಕಾವಲಿನ ಖರ್ಚು ಯಾರದ್ದೆಂದು ಲೀಡ್ಸ್ ಕ್ಲಬ್ಬು ತನ್ನೂರಿನ ಪೊಲೀಸರ ಮೇಲೆಯೇ ಕೋರ್ಟಿಗೆ ಹೋಗಿ, ಕ್ಲಬ್ಬಿನ ಜಾಗದಾಚೆಯ ಬೀದಿಗಳ ಕಾವಲಿಗೆ ಬಿಲ್ಲು ಹಾಕುವಂತಿಲ್ಲ ಎಂಬ ತೀರ್ಪು ಪಡೆದು, 2013ರಲ್ಲಿ ಮೇಲ್ಮನವಿಯಲ್ಲೂ ಗೆದ್ದ ಕತೆಯನ್ನು ಪಕ್ಕದಲ್ಲಿದ್ದ ರೈಲ್ವೆ ಪೊಲೀಸಿಗೆ ಬಣ್ಣಿಸಿ ಹೇಳಿದ. ಆತ ಪೂರ್ತಿ ಕೇಳಿಸಿಕೊಂಡು, “ನನ್ನ ಸಂಬಳ ಬರೋದು ರೈಲು ಕಂಪನಿಗಳಿಂದ. ಅಂದ್ರೆ ನಿನ್ನ ಟಿಕೆಟ್ ದುಡ್ಡು” ಎಂದು ನಕ್ಕ.

“ಹಾಗಾದ್ರೆ ರೈಲು ಯಾವಾಗ ಬರುತ್ತೆ ಅಂತ ನೀನೇ ಹೇಳ್ಬೇಕು” ಎಂದ ಗೆಳೆಯ.